ಮೇಜಿನ ಮೇಲೇ ಬರೆದ ಬಿಲ್ಲು

ಪ್ಯಾರಿಸ್‌ನಲ್ಲಿ ಮೊದಲ ರಾತ್ರಿ ನಾನು ಹೆದರಿಕೊಂಡೇ ಊಟ ಮಾಡಿದ್ದೆ. ಆಫೀಸಿನವರು ಕರೆದುಕೊಂಡು ಹೋದ ಆ ರೆಸ್ಟೋರೆಂಟಿನ ಹೆಸರು ಬೇಡ ಬಿಡಿ. ಮೂರು ಥರದ ಫೋರ್ಕು, ಅರ್ಥವಾಗದ ಮೆನು, ಪಿಸುಮಾತಿನ ವೇಟರು. ಯಾವ ಚಮಚ ಮೊದಲು ಎತ್ತಬೇಕು ಅಂತ ಪಕ್ಕದವರನ್ನು ಕದ್ದು ನೋಡುವುದರಲ್ಲೇ ಸೂಪು ಆರಿಹೋಯಿತು. ಕ್ಲಾಸಿಕ್ ಫ್ರೆಂಚ್ ಊಟ ಅಂದರೆ ಇದೇ ಇರಬೇಕು, ನಮ್ಮಂಥವರಿಗಲ್ಲ ಅಂದುಕೊಂಡು ರೂಮಿಗೆ ಬಂದೆ.

ಮಾರನೇ ದಿನ ಒಬ್ಬನೇ 'ಬೂಯೋ ಶಾರ್ತಿಯೇ'ಗೆ ಹೋದೆ. 1896ರಿಂದ ನಡೆಯುತ್ತಿರುವ ಜಾಗ. ಬೂಯೋ ಅಂದರೆ ಮಾಂಸ ಬೇಯಿಸಿದ ಸಾರು. ಹತ್ತೊಂಬತ್ತನೇ ಶತಮಾನದಲ್ಲಿ ದುವಾಲ್ ಅನ್ನುವ ಮಾಂಸದ ವ್ಯಾಪಾರಿ, ಮಾರುಕಟ್ಟೆಯ ಕೆಲಸಗಾರರಿಗೆ ಕಡಿಮೆ ದುಡ್ಡಿಗೆ ಬಿಸಿ ಸಾರು, ಮಾಂಸ ಬಡಿಸಲು ಶುರು ಮಾಡಿದ. ಆಮೇಲೆ ಅಂಥ ಹೋಟೆಲುಗಳಿಗೆಲ್ಲ ಅದೇ ಹೆಸರಾಯಿತು.

ಹೊರಗೆ ಉದ್ದ ಸಾಲು. ಒಳಗೆ ಎತ್ತರದ ಸೂರು, ದೊಡ್ಡ ದೊಡ್ಡ ಕನ್ನಡಿ, ಕಿವಿಗಡಚಿಕ್ಕುವ ಗದ್ದಲ. ಗುರುತಿಲ್ಲದ ಮುದುಕರೊಬ್ಬರ ಎದುರಿಗೆ ನನ್ನನ್ನು ಕೂರಿಸಿದರು. ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಟೇಬಲ್ ಹಂಚಿಕೊಂಡು ದೋಸೆ ತಿಂದವರಿಗೆ ಇದೇನು ಹೊಸದಲ್ಲ. ಅಲ್ಲಿಗೆ ನನ್ನ ಅರ್ಧ ಹೆದರಿಕೆ ಹೋಯಿತು. ಕಪ್ಪು ವೇಸ್ಟ್‌ಕೋಟು, ಬಿಳಿ ಏಪ್ರನ್ನಿನ ವೇಟರು ಬಂದು ನನ್ನ ಆರ್ಡರನ್ನು ಮೇಜಿಗೆ ಹಾಸಿದ ಕಾಗದದ ಮೇಲೇ ಗೀಚಿಕೊಂಡು ಹೋದರು.

ಮೊದಲು ಬೇಯಿಸಿದ ಮೊಟ್ಟೆಗೆ ಮಯೋನೀಸ್. ಆಮೇಲೆ ಬಾತುಕೋಳಿಯ ಕಾಲು, ಅದರದೇ ಕೊಬ್ಬಿನಲ್ಲಿ ನಿಧಾನಕ್ಕೆ ಬೇಯಿಸಿದ್ದು. ಮೇಲೆ ಗರಿಗರಿ, ಒಳಗೆ ಫೋರ್ಕು ಮುಟ್ಟಿಸಿದರೆ ಬಿಡಿಸಿಕೊಳ್ಳುವಷ್ಟು ಮೆತ್ತಗೆ. ಜೀವನದಲ್ಲೇ ತಿಂದ ಅತ್ಯುತ್ತಮ ಊಟವಾ ಅಂದರೆ ಅಲ್ಲ. ಬೆರಗುಗೊಳಿಸುವ ಉದ್ದೇಶವೇ ಆ ಅಡುಗೆಗಿಲ್ಲ. ಮನೆಯಲ್ಲಿ ಮಾಡುವಂಥದ್ದನ್ನೇ ಸರಿಯಾಗಿ ಮಾಡಿ, ಬಿಸಿಬಿಸಿಯಾಗಿ ಕೊಡುತ್ತಾರೆ. ಎದುರಿನ ಅಜ್ಜ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿ ತಿಂದರು. ನಾನೂ ಒರೆಸಿದೆ. ಅವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಹಿಂದಿನ ರಾತ್ರಿ ಇಡೀ ಊಟದಲ್ಲಿ ಸಿಗದ ಮರ್ಯಾದೆ ಅದೊಂದರಲ್ಲೇ ಸಿಕ್ಕಿತು.

ಗೋಡೆಯಲ್ಲಿ ನಂಬರ್ ಹಾಕಿದ ಪುಟ್ಟ ಮರದ ಡ್ರಾಯರುಗಳಿವೆ. ದಿನಾ ಬರುತ್ತಿದ್ದವರು ತಮ್ಮ ನ್ಯಾಪ್ಕಿನ್ ಅದರಲ್ಲಿಟ್ಟು ಹೋಗುತ್ತಿದ್ದರಂತೆ. ಈಗ ನನ್ನಂಥ ಪ್ರವಾಸಿಗಳು ಅದರ ಫೋಟೋ ತೆಗೆಯುತ್ತಾರೆ. ಕಟ್ಟಡವೂ 1989ರಲ್ಲೇ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿದೆ. ಹಾಗಾದರೆ ಇದೂ ಮ್ಯೂಸಿಯಮ್ಮೇ ಅಲ್ವಾ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಬೆಲೆ ನೋಡಿ: ಪ್ಯಾರಿಸ್‌ನ ಲೆಕ್ಕದಲ್ಲಿ ಈಗಲೂ ಅಗ್ಗ. ಸಾಮಾನ್ಯರು ಕೂತು ಮೂರು ಸುತ್ತು ತಿನ್ನಬಹುದು. ಕನ್ನಡಿ, ದೀಪಗಳಿಗಿಂತ ಅವರು ಉಳಿಸಿಕೊಂಡಿರುವ ಹಳೆಯ ವಸ್ತು ಅದೇ.

ನಮ್ಮಲ್ಲಿ ಉಲ್ಟಾ. ಮಾಲ್‌ಗಳಲ್ಲಿ ಹಳೇ ಬೆಂಗಳೂರಿನ ಕಪ್ಪುಬಿಳುಪು ಫೋಟೋ, ಹಿತ್ತಾಳೆ ಲೋಟ, ಮರದ ಬೆಂಚು ಎಲ್ಲ ತಂದಿಡುತ್ತೇವೆ. ಆ ಬೆಂಚಿನ ಮೇಲೆ ಅಂದು ಯಾರು ಕೂರುತ್ತಿದ್ದರೋ ಅವರು ಮಾತ್ರ ಒಳಗೆ ಬರದ ಹಾಗೆ ಕಾಫಿಗೆ ರೇಟು ಹಾಕುತ್ತೇವೆ. ಅದನ್ನೇ ಕ್ಲಾಸಿಕ್ ಅಂತ ಕರೆದು ನಾವೂ ನೀವೂ ವೀಕೆಂಡಲ್ಲಿ ಸಾಲು ನಿಲ್ಲುತ್ತೇವೆ.

ವೇಟರು ಬಂದು ಅದೇ ಕಾಗದದ ಮೇಲೆ ಕೂಡಿ ಲೆಕ್ಕ ಹಾಕಿದರು. ದುಡ್ಡು ಕೊಟ್ಟು ಎದ್ದೆ. ತಿರುಗಿ ನೋಡುವಷ್ಟರಲ್ಲಿ ಕಾಗದ ಮುದ್ದೆ ಮಾಡಿ ತೆಗೆದಾಗಿತ್ತು. ಹೊಸ ಕಾಗದ ಹಾಸಿ, ಮುಂದಿನವರನ್ನು ಕರೆಯುತ್ತಿದ್ದರು.