ಚಕ್ರದ ಅಂಚಿನ ಒಂದು ಚುಕ್ಕೆ

ಎತ್ತಿನ ಗಾಡಿಯ ಚಕ್ರದ ಅಂಚಿಗೆ ಸೀಮೆಸುಣ್ಣದ ತುಂಡೊಂದನ್ನು ಕಟ್ಟಿ, ಅದು ಪಕ್ಕದ ಗೋಡೆಗೆ ತಾಗುವಂತೆ ಗಾಡಿ ಹೊಡೆದರೆ ಗೋಡೆಯ ಮೇಲೆ ಎಂಥ ಗೆರೆ ಮೂಡೀತು? ವೃತ್ತ ಎನ್ನುವವರೇ ಹೆಚ್ಚು. ಮೂಡುವುದು ಕಮಾನುಗಳ ಸಾಲು. ಸುಣ್ಣವನ್ನು ಚಕ್ರದ ನಟ್ಟನಡುವಿಗೆ ಕಟ್ಟಿದರೆ ನೇರ ಗೆರೆ. ನಡುವಿಗೂ ಅಂಚಿಗೂ ಮಧ್ಯೆ ಎಲ್ಲಾದರೂ ಕಟ್ಟಿದರೆ ಅಲೆಯಂಥ ಗೆರೆ. ಅಮೃತ್ ಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದಲ್ಲಿ ಗಾಡಿಚಕ್ರವನ್ನು ತಲೆಮಾರುಗಳಿಂದ ನೋಡಿದವರಿಗೂ ಈ ಗೆರೆ ಕಂಡಿರಲಾರದು. ಚಕ್ರ ಅದನ್ನು ಗಾಳಿಯಲ್ಲಿ ಬರೆದು ಮುಂದೆ ಹೋಗಿಬಿಡುತ್ತದೆ.

ಶಾಲೆಯಲ್ಲಿ ಗಣಿತದ ಮೇಷ್ಟ್ರು ಕೇಳಿದ ಇಂಥದೇ ಒಂದು ಪ್ರಶ್ನೆಯಿಂದ ತಮ್ಮ ಆಟ ಹುಟ್ಟಿತೆಂದು ಇರಾನಿನ ಮಹ್ದಿ ಬಹ್ರಾಮಿ ಹೇಳಿಕೊಂಡಿದ್ದಾರೆ. ಆಟದ ಹೆಸರು 'ಎಂಗಾರೆ'. ಮನೆಯ ಕಂಪ್ಯೂಟರಿಗೆಂದು 2017ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಇದಕ್ಕೂ ಮೊದಲು ಅವರು ಜಮಖಾನೆಯನ್ನು ಸುತ್ತಿ, ಬಿಚ್ಚಿ ದಾರಿ ಕಂಡುಕೊಳ್ಳುವ 'ಫರ್ಶ್' ಎಂಬ ಆಟ ಮಾಡಿದ್ದರು. ದೊಡ್ಡ ಕಂಪನಿಯ ಸರಕಲ್ಲ ಇವು, ಒಬ್ಬ ಮನುಷ್ಯನ ಹಟದ ಕೆಲಸ.

ಎಂಗಾರೆಯಲ್ಲಿ ಪರದೆಯ ಮೇಲೆ ಒಂದು ಚಿತ್ತಾರ ಕಾಣುತ್ತದೆ. ಅದರ ಜೊತೆಗೇ ಉರುಳುವ ಚೆಂಡೋ ತಿರುಗುವ ಸಲಾಕೆಯೋ ಚಲಿಸುತ್ತಿರುತ್ತದೆ. ಆಡುವವರು ಮಾಡಬೇಕಾದದ್ದು ಇಷ್ಟೇ: ಆ ಚಲನೆಯ ಯಾವ ಜಾಗಕ್ಕೆ ಲೇಖನಿ ಕಟ್ಟಿದರೆ ತೋರಿಸಿದ ಚಿತ್ತಾರವೇ ಮೂಡುತ್ತದೆಂದು ಊಹಿಸಿ ಒಂದು ಚುಕ್ಕೆಯಿಡುವುದು. ಮೊದಮೊದಲು ಕಮಾನು, ಅಲೆ. ಹೋಗುತ್ತ ಹೋಗುತ್ತ ಗೆರೆ ಗೆರೆಯನ್ನು ಹಾದು ನಕ್ಷತ್ರವಾಗುತ್ತದೆ, ಹೂವಾಗುತ್ತದೆ. ಮಸೀದಿಯ ಹೆಂಚಿನಲ್ಲಿ ನಾವು ಕಂಡದ್ದು ಕಣ್ಣೆದುರೇ ಒಂದು ಚುಕ್ಕೆಯ ಓಡಾಟದಿಂದ ಹುಟ್ಟುತ್ತದೆ. ಓದಬೇಕಾದ ಮಾತೇ ಇಲ್ಲವೆನ್ನಬಹುದು. ಹಾಗಾಗಿ ಕಡೂರಿನ ಕನ್ನಡ ಮಾಧ್ಯಮದ ಮಗುವೂ ಉರ್ದು ಮಾಧ್ಯಮದ ಮಗುವೂ ಇಂಗ್ಲಿಷಿನ ಹಂಗಿಲ್ಲದೆ ಇದನ್ನು ಆಡಬಲ್ಲವು. ಇದು ಸಣ್ಣ ಅನುಕೂಲವಲ್ಲ.

ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಆಟವೆಂದರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಓದು ಕೆಡುತ್ತದೆ, ನಮಾಜಿನ ಹೊತ್ತು ಮೀರುತ್ತದೆ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅವರು ಗಮನಿಸದ ಸಂಗತಿ ಇನ್ನೊಂದಿದೆ. ಪಾಶ್ಚಾತ್ಯರ ಎಷ್ಟೋ ಯುದ್ಧದ ಆಟಗಳಲ್ಲಿ ಗುಂಡಿಗೆ ಸಿಗಬೇಕಾದ ಶತ್ರು ಗಡ್ಡದವನು. ಮಿನಾರು, ಗುಮ್ಮಟಗಳು ಅವನು ಅಡಗುವ ಜಾಗ. ನಮ್ಮ ಮಕ್ಕಳೇ ಬಂದೂಕಿನ ಈ ಕಡೆ ಕುಳಿತು ಅವನಿಗೆ ಗುರಿಯಿಡುತ್ತಾರೆ. ಎಂಗಾರೆ ಇದಕ್ಕೆ ಉತ್ತರ ಕೊಡಲು ಹೊರಟ ಆಟವಲ್ಲ, ಭಾಷಣವನ್ನೂ ಬಿಗಿಯುವುದಿಲ್ಲ. ಮಸೀದಿಯ ಗೋಡೆಯನ್ನು ತಲೆ ಓಡಿಸುವ ಜಾಗವಾಗಿ ನಮ್ಮ ಮುಂದಿಡುತ್ತದೆ, ಅಷ್ಟೆ. ಆ ಅಷ್ಟರಿಂದಲೇ ನಮಗೆ ಅದು ಮುಖ್ಯವಾಗುತ್ತದೆ.

ಹಾಗೆಂದು ದೋಷವಿಲ್ಲದ ಆಟವೇನಲ್ಲ. ತಪ್ಪಿದರೆ ದಂಡವಿಲ್ಲವಾದ್ದರಿಂದ ಯೋಚಿಸದೆ ಅಲ್ಲಿಲ್ಲಿ ಚುಕ್ಕೆಯಿಡುತ್ತ ಹೋದವನೂ ಗೆದ್ದುಬಿಡಬಹುದು. ಎರಡು ಮೂರು ಗಂಟೆಯಲ್ಲಿ ಮುಗಿದೂ ಹೋಗುತ್ತದೆ. ಆಮೇಲೆ ಉಳಿಯುವುದು ಮನಸ್ಸಿಗೆ ಬಂದಂತೆ ಚಿತ್ತಾರ ಬರೆಯಲು ಕೊಟ್ಟಿರುವ ಭಾಗ. ನಮ್ಮ ಮುಖ್ಯ ತಕರಾರು ಬೇರೆ. ಮಾತಿಲ್ಲದ ಆಟಕ್ಕೆ ಊರೂ ಇಲ್ಲ. ಈ ನಕ್ಷತ್ರವನ್ನು ಯಾವ ಗೋಡೆಯ ಮೇಲೆ, ಯಾವ ಕಾಲದ ಕೈಗಳು ಕೂರಿಸಿದವು ಎಂದು ಅದು ಹೇಳುವುದಿಲ್ಲ. ಇಸ್ಫಹಾನಿನ ಶೇಖ್ ಲುತ್ಫುಲ್ಲಾ ಮಸೀದಿ 1603ರಿಂದ 1619ರವರೆಗೆ ಕಟ್ಟಿದ್ದು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಬಿಜಾಪುರದಲ್ಲಿ ಇಬ್ರಾಹಿಂ ರೋಜಾದ ಕಿಟಕಿಗಳ ಕಲ್ಲನ್ನು ಅಕ್ಷರಗಳ ಜಾಲರಿಯಾಗಿ ಕೊರೆದರು. ಆಡಿ ಮುಗಿಸಿದ ಹುಡುಗನಿಗೆ ಇವೆರಡರ ಸುಳಿವೂ ಸಿಕ್ಕುವುದಿಲ್ಲ.

ಇದನ್ನು 'ಇಸ್ಲಾಮಿಕ್ ಕಲೆಯ ಆಟ' ಎಂದು ಕರೆಯುವುದುಂಟು. ಒಪ್ಪೋಣ, ಆದರೆ ಗೆರೆಗೆ ಮತವನ್ನು ಅಂಟಿಸಿ ಸುಮ್ಮನಾಗುವುದು ಸರಿಯಲ್ಲ. ತರೀಕೆರೆಯಿಂದ ಸುಮಾರು 10 ಕಿಲೋಮೀಟರ್ ದೂರದ ಅಮೃತಾಪುರಕ್ಕೆ ಹೋಗಿ ನೋಡಿ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಪ್ರವಾಸಿಗಳು ಹೊರಗಿನ ಗೋಡೆಯ ರಾಮಾಯಣ, ಮಹಾಭಾರತದ ಶಿಲ್ಪಗಳ ಮುಂದೆ ನಿಲ್ಲುತ್ತಾರೆ. ನಾವು ಹೇಳುತ್ತಿರುವುದು ಮಂಟಪದ ಕಂಬಗಳ ಮಾತು. ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು ಅವು. ಗಾಡಿಯಲ್ಲಿ ಚುಕ್ಕೆ ಚಲಿಸಿದರೆ ಇಲ್ಲಿ ಉಳಿಯ ಮೊನೆ ನಿಂತಿದೆ, ಕಲ್ಲು ಸುತ್ತಿದೆ. ಒಂದೊಂದು ಏಣೂ ಒಂದೊಂದು ಚುಕ್ಕೆ ಬರೆದ ಗೆರೆ. ಎಂಗಾರೆ ಆಡಿದ ಕಣ್ಣು ಈ ಕಂಬವನ್ನು ಮೊದಲಿನಂತೆ ನೋಡಲಾರದು. ದೇವಾಲಯ ಒಂದು ಕಡೆ, ಮಸೀದಿ ಇನ್ನೊಂದು ಕಡೆ ಎಂದು ಹಂಚಿಕೊಂಡು ನೋಡುವ ಅಭ್ಯಾಸ ಬಲಿತಿರುವ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಬಾಬಾಬುಡನ್‌ಗಿರಿಯ ಹೆಸರೆತ್ತದೆಯೂ ಹೇಳಬಹುದು.

ಇಂಥದೊಂದು ಆಟ ಇಲ್ಲಿಂದ ಹೊರಡಬಾರದೆ? ದುಡ್ಡಿನ ತಡೆ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಸ್ಟೀಮ್ ಎಂಬ ದೊಡ್ಡ ಆನ್‌ಲೈನ್ ಮಳಿಗೆ 2017ರ ಜೂನ್‌ನಲ್ಲಿ ಜಾರಿಗೆ ತಂದ ನಿಯಮದಂತೆ ಒಂದು ಆಟವನ್ನು ಮಾರಾಟಕ್ಕಿಡಲು 100 ಡಾಲರ್ ಕಟ್ಟಬೇಕು. ಆಟ 1,000 ಡಾಲರ್ ಗಳಿಸಿದರೆ ಅದು ವಾಪಸು. ಇಚ್ ಎಂಬ ಇನ್ನೊಂದು ಮಳಿಗೆಯಲ್ಲಿ ಅದೂ ಇಲ್ಲ, ಮಳಿಗೆಗೆ ಎಷ್ಟು ಪಾಲೆಂಬುದನ್ನು ಮಾರುವವನೇ ಗೊತ್ತು ಮಾಡಬಹುದು. ಆಟ ಕಟ್ಟಲು ಗೋಡೋದಂಥ ಸಾಧನ ಪುಕ್ಕಟೆಯಾಗಿ ಸಿಗುತ್ತದೆ. ಇರಾನಿನವರ ಕಷ್ಟ ಇದಕ್ಕಿಂತ ಕಠಿಣ. ಎಂಗಾರೆ ಹೊರಬಂದ ವರ್ಷವೇ, ಆಗಸ್ಟಿನಲ್ಲಿ, ಅಮೆರಿಕದ ದಿಗ್ಬಂಧನದ ಕಾರಣ ಕೊಟ್ಟು ಆಪಲ್ ಕಂಪನಿ ಇರಾನಿನವರ ಆ್ಯಪ್‌ಗಳನ್ನು ತನ್ನ ಮಳಿಗೆಯಿಂದ ಕಿತ್ತುಹಾಕಿತ್ತು.

ತರೀಕೆರೆಯ ಹುಡುಗನಿಗೆ ಆ ಅಡ್ಡಿಯಿಲ್ಲ. ಅವನು ಕಂಪ್ಯೂಟರ್ ಕಲಿಯುವುದೆಂದರೆ ಟ್ಯಾಲಿ, ಡಿಟಿಪಿ. ಅಂಗಡಿಯ ಲೆಕ್ಕ, ಮದುವೆಯ ಕಾರ್ಡು. ಅವು ಬೇಡವೆಂದಲ್ಲ, ಅನ್ನ ಕೊಡುವ ವಿದ್ಯೆ. ಆದರೆ ಆಟ ಮಾಡುತ್ತಿದ್ದೇನೆ ಎಂದು ಅವನು ಮನೆಯಲ್ಲಿ ಹೇಳಿದರೆ ಅಬ್ಬಾನಿಗೆ ಆಟ ಆಡುತ್ತಿದ್ದೇನೆ ಎಂದೇ ಕೇಳಿಸುತ್ತದೆ. ಎಂಗಾರೆಗೂ ಮೊದಲ ರೂಪದಿಂದ ಬಿಡುಗಡೆಯವರೆಗೆ ವರ್ಷಗಳೇ ಹಿಡಿದವು. ಗ್ಯಾರೇಜನ್ನೋ ಅಡಿಕೆ ಮಂಡಿಯ ಕೂಲಿಯನ್ನೋ ನಂಬಿದ ಮನೆ ಅಷ್ಟು ವರ್ಷ ಒಬ್ಬ ಮಗನನ್ನು ದುಡಿಮೆಯಿಲ್ಲದೆ ತಾಳಿಕೊಳ್ಳುವುದು ಕಷ್ಟ. ಜಮಾಅತ್‌ಗಳು ಕೊಡುವ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಎಂಜಿನಿಯರಿಂಗಿಗೆ ಜಾಗವಿದೆ, ನರ್ಸಿಂಗಿಗೆ ಇದೆ. ಇಂಥ ಕೆಲಸವನ್ನು ಯಾವ ಕಲಮಿನಲ್ಲಿ ಬರೆಯುವುದು?