ಊಟ, ದ್ರಾಕ್ಷಾಮದ್ಯ, ಪ್ರವಾಸ: ವೈಯಕ್ತಿಕ ಅಭಿಪ್ರಾಯಗಳ ಚಾರಿತ್ರಿಕ ಬೆಲೆ

ಇತಿಹಾಸಕಾರರು ಆಧಾರವೆಂದು ಒಪ್ಪುವ ಬರಹಗಳಲ್ಲಿ ಶಾಸನ, ಸನ್ನದು, ಕಡತ, ರಾಯಭಾರಿಗಳ ಪತ್ರ ಮೊದಲಾದವುಗಳಿಗೆ ಅಗ್ರಸ್ಥಾನ ಸಲ್ಲುತ್ತದೆ. ತಾನು ಉಂಡ ಊಟ ಹೇಗಿತ್ತು, ಕುಡಿದ ಮದ್ಯ ಕೊಟ್ಟ ಹಣಕ್ಕೆ ತಕ್ಕುದಾಗಿತ್ತೆ, ತಂಗಿದ ಮನೆಯ ಹಾಸಿಗೆ ಶುಚಿಯಾಗಿತ್ತೆ ಎಂದು ಒಬ್ಬ ಸಾಮಾನ್ಯನು ಬರೆದಿಟ್ಟರೆ ಆ ಬರಹ ಪಂಕ್ತಿಯ ಕೊನೆಗೆ ಸರಿಯುತ್ತದೆ. ಅದು ಕೇವಲ ರುಚಿಯ ಮಾತು, ರುಚಿಯಾದರೋ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಆದುದರಿಂದ ಅದರಿಂದ ಯಾವ ಸಿದ್ಧಾಂತವೂ ಹೊರಡದು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಈ ಕಾರಣ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಇಂಗ್ಲಿಷ್ ಭಾಷೆಯ ನಾಲ್ಕು ಗ್ರಂಥಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಾಲ್ಕೂ ಬೇರೆ ಬೇರೆ ಕಾಲದವು. ನಾಲ್ವರು ಕರ್ತೃಗಳ ಸ್ವಭಾವಗಳೂ ಬೇರೆ. ಆದರೆ ನಾಲ್ಕರಲ್ಲಿಯೂ ಒಬ್ಬ ಮನುಷ್ಯನ ನಾಲಗೆಯೇ ಸಾಕ್ಷಿಯಾಗಿ ನಿಂತಿದೆ.

ಮೊದಲನೆಯದು ಟೊಬಯಾಸ್ ಸ್ಮಾಲೆಟ್ 1766ರಲ್ಲಿ ಪ್ರಕಟಿಸಿದ ಫ್ರಾನ್ಸ್ ಮತ್ತು ಇಟಲಿಗಳ ಪ್ರವಾಸಕಥನ. ಪತ್ರಗಳ ರೂಪದಲ್ಲಿರುವ ಈ ಗ್ರಂಥದ ತುಂಬ ದೂರುಗಳೇ. ವಸತಿಗೃಹಗಳು ಕೊಳಕು, ಅವುಗಳ ಒಡೆಯರು ಸುಲಿಗೆಕೋರರು, ಅಡಿಗೆ ಅವರ ಹೊಟ್ಟೆಗೆ ಒಗ್ಗದ್ದು. ಲಾರೆನ್ಸ್ ಸ್ಟರ್ನ್ 1768ರಲ್ಲಿ ತನ್ನ ಪ್ರವಾಸಗ್ರಂಥವನ್ನು ಹೊರತಂದಾಗ ಸ್ಮಾಲೆಟ್ಟನಿಗೆ ಸ್ಮೆಲ್‌ಫಂಗಸ್ ಎಂಬ ಅಡ್ಡಹೆಸರಿಟ್ಟು ನಗೆಗೀಡು ಮಾಡಿದನು. ಆ ಹೆಸರು ಅಂಟಿಕೊಂಡಿತು. ಗ್ರಂಥ ಮುನಿಸುಗಾರನ ಗೊಣಗಾಟವೆಂಬ ಅಪಖ್ಯಾತಿಗೆ ಒಳಗಾಯಿತು. ಸ್ಟರ್ನ್ ಹೇಳಿದುದರಲ್ಲಿ ಸತ್ಯವಿಲ್ಲದಿಲ್ಲ. ಸ್ಮಾಲೆಟ್ ಇಂಗ್ಲೆಂಡನ್ನು ಬಿಟ್ಟದ್ದು 1763ರಲ್ಲಿ; ಅವನ ಒಬ್ಬಳೇ ಮಗಳು ತೀರಿಕೊಂಡದ್ದು ಅದೇ ವರ್ಷ. ಶ್ವಾಸಕೋಶದ ರೋಗವೂ ಅವನನ್ನು ಕಾಡುತ್ತಿತ್ತು. ದುಃಖಿಯೂ ರೋಗಿಯೂ ಆದವನಿಗೆ ಪರದೇಶದ ಅನ್ನ ರುಚಿಸದಿದ್ದರೆ ಅದರಲ್ಲಿ ಅಡಿಗೆಯವನ ತಪ್ಪೆಷ್ಟು, ಉಣ್ಣುವವನ ಮನಸ್ಸಿನ ಪಾಲೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ.

ಆದರೆ ಸ್ಟರ್ನ್ ಮರೆಮಾಡಿದ ಇನ್ನೊಂದು ಸಂಗತಿಯಿದೆ. ಸ್ಮಾಲೆಟ್ ವೃತ್ತಿಯಿಂದ ವೈದ್ಯ. ನೀಸ್ ನಗರದಲ್ಲಿ ತಂಗಿದ್ದಾಗ ಅವನು ಹವೆಯ ದಿನಚರಿಯನ್ನು ಇಟ್ಟು ಅದನ್ನು ಗ್ರಂಥದ ಕೊನೆಯಲ್ಲಿ ಅಚ್ಚು ಮಾಡಿಸಿದನು. ಪೇಟೆಯಲ್ಲಿ ಮಾಂಸ, ಮೀನು, ಮದ್ಯ ಇವುಗಳಿಗೆ ಏನು ಬೆಲೆ, ಯಾವ ಋತುವಿನಲ್ಲಿ ಯಾವ ಹಣ್ಣು ಸಿಕ್ಕುತ್ತದೆ ಎಂಬುದನ್ನೂ ಬರೆದನು. ಮುನಿಸು ಮುನಿಸುಗಾರನದು, ಬೆಲೆ ಪೇಟೆಯದು. ಮೊದಲನೆಯದನ್ನು ನಾವು ಕಳೆದು ಓದಬಹುದು, ಎರಡನೆಯದು ಉಳಿಯುತ್ತದೆ. ಸಹೃದಯತೆಯಲ್ಲಿ ಸ್ಟರ್ನನ ಗ್ರಂಥ ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ 18ನೆಯ ಶತಮಾನದ ನೀಸಿನಲ್ಲಿ ಒಂದು ಸಂಸಾರ ಏನನ್ನು ಕೊಂಡು ಉಣ್ಣುತ್ತಿತ್ತು ಎಂದು ತಿಳಿಯಬಯಸುವವನು ಗೊಣಗುವವನ ಬಳಿಗೇ ಹೋಗಬೇಕಾಗುತ್ತದೆ.

ಎರಡನೆಯದು ಜಾನ್ ಬಿಂಗ್ ಎಂಬವನ ದಿನಚರಿ. ಇವನು ಸೈನ್ಯದಿಂದ ನಿವೃತ್ತನಾಗಿ ಸರಕಾರದ ಸ್ಟಾಂಪು ಇಲಾಖೆಯಲ್ಲಿ ಕೆಲಸಮಾಡುತ್ತಿದ್ದವನು. 1781ರಿಂದ 1794ರವರೆಗೆ ಬಿಡುವಿನಲ್ಲಿ ಕುದುರೆಯೇರಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳನ್ನು ಸುತ್ತಿದನು. ಜೀವಿತದ ಕೊನೆಯ ಕೆಲವು ವಾರ ಮಾತ್ರ ಟಾರಿಂಗ್‌ಟನ್ ಪ್ರಭುವಾಗಿದ್ದುದರಿಂದ ಆ ಹೆಸರಿನಿಂದಲೇ ಅವನ ದಿನಚರಿಗಳು 1934ರಿಂದ 1938ರವರೆಗೆ ನಾಲ್ಕು ಸಂಪುಟಗಳಲ್ಲಿ ಅಚ್ಚಾದವು. ತಂಗಿದ ವಸತಿಗೃಹಗಳಲ್ಲಿ ಬಡಿಸಿದ ಮಾಂಸ, ಸುರಿದ ಮದ್ಯ, ಹಾಸಿದ ಹಾಸಿಗೆ ಇವುಗಳನ್ನು ಅವನು ನಿರ್ದಾಕ್ಷಿಣ್ಯವಾಗಿ ತೂಗುತ್ತಾನೆ. ಅಷ್ಟೇ ಅಲ್ಲ, ಅನೇಕ ಕಡೆಗಳಲ್ಲಿ ವಸತಿಗೃಹದವರು ಕೊಟ್ಟ ಬಿಲ್ಲುಗಳನ್ನೇ ದಿನಚರಿಯೊಳಗೆ ಸೇರಿಸಿದ್ದಾನೆ. ರಾತ್ರಿಯ ಊಟಕ್ಕೆಷ್ಟು, ಮದ್ಯಕ್ಕೆಷ್ಟು, ಕುದುರೆಯ ಹುಲ್ಲಿಗೆಷ್ಟು ಎಂಬ ಲೆಕ್ಕ ನಮ್ಮ ಕಣ್ಣೆದುರಿಗಿದೆ. ಬಿಂಗ್ ಹಳೆಯದನ್ನು ಹೊಗಳುವವನು, ಹೊಸ ರಸ್ತೆಗಳನ್ನೂ ಹೊಸ ಹಣವಂತರನ್ನೂ ತೆಗಳುವವನು. ಅವನ ತೀರ್ಮಾನಗಳನ್ನು ಈ ಪಕ್ಷಪಾತವನ್ನು ಗಮನದಲ್ಲಿಟ್ಟು ಓದಬೇಕು. ಹಾಗಿದ್ದರೂ ತೀರ್ಮಾನದ ಪಕ್ಕದಲ್ಲಿಯೇ ಬಿಲ್ಲು ಇರುವುದರಿಂದ ಓದುಗನು ಬೇಕಾದರೆ ಅವನ ವಿರುದ್ಧವೂ ತೀರ್ಪು ಕೊಡಬಲ್ಲನು. ಸಾಕ್ಷಿಗೆ ಇದಕ್ಕಿಂತ ಹೆಚ್ಚಿನ ಗುಣ ಬೇಕೆ?

ಮೂರನೆಯ ಗ್ರಂಥದ ಕರ್ತೃ ಜಾರ್ಜ್ ಸೇಂಟ್ಸ್‌ಬರಿ. 1895ರಿಂದ 1915ರವರೆಗೆ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಈ ವಿದ್ವಾಂಸರು ಸಾಹಿತ್ಯವಿಮರ್ಶೆಯ ಇತಿಹಾಸವನ್ನು ಬರೆದವರು. ನೆಲಮಾಳಿಗೆಯಲ್ಲಿ ಕೂಡಿಟ್ಟ ಮದ್ಯಗಳ ಲೆಕ್ಕದ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು 1920ರಲ್ಲಿ ಅವರು ಒಂದು ಸಣ್ಣ ಗ್ರಂಥವನ್ನು ಹೊರತಂದರು. ಶೆರ್ರಿ, ಪೋರ್ಟ್, ಕ್ಲಾರೆಟ್, ಬರ್ಗಂಡಿ, ಷಾಂಪೇನ್ ಇವುಗಳ ಜೊತೆಗೆ ಬಿಯರ್ ಮತ್ತು ಸೇಬಿನ ಸೈಡರುಗಳಿಗೂ ಅಲ್ಲಿ ಸ್ಥಾನವಿದೆ. ಗ್ರಂಥ ಪ್ರಕಟವಾದ ವರ್ಷವೂ ಗಮನಾರ್ಹ. ಅದೇ 1920ರ ಜನವರಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಾನನಿಷೇಧ ಜಾರಿಗೆ ಬಂದಿತ್ತು. ನಿಷೇಧವಾದಿಗಳ ಮೇಲಿನ ಸೇಂಟ್ಸ್‌ಬರಿಯವರ ಕೋಪ ಪುಟಪುಟದಲ್ಲಿಯೂ ಕಾಣುತ್ತದೆ. ಪಾನನಿಷೇಧವನ್ನು ನೀತಿಯೆಂದು ಬಗೆಯುವ ನಮ್ಮ ಓದುಗರು ಅವರ ವಾದವನ್ನು ಒಪ್ಪಬೇಕಾಗಿಲ್ಲ. ಆದರೆ ಒಬ್ಬ ಸಾಹಿತ್ಯವಿಮರ್ಶಕನು ಕಾವ್ಯಕ್ಕೆ ಬಳಸುವ ತುಲನಾತ್ಮಕ ವಿಧಾನವನ್ನೇ ಮದ್ಯಕ್ಕೂ ಬಳಸಿದ್ದು ಹೇಗೆ ಎಂಬುದನ್ನು ತಿಳಿಯಲು ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಈ ಗ್ರಂಥವನ್ನು ಮೆಚ್ಚಿದವರು ಹಲವರು. 1931ರಲ್ಲಿ ಸೇಂಟ್ಸ್‌ಬರಿಯವರ ಹೆಸರಿನಲ್ಲಿ ಲಂಡನ್ನಿನಲ್ಲಿ ಒಂದು ಭೋಜನಕೂಟವೂ ಸ್ಥಾಪಿತವಾಯಿತು. ಆದರೂ ಚಾರಿತ್ರಿಕ ಸಾಕ್ಷ್ಯವಾಗಿ ಇದು ಬಿಂಗನ ದಿನಚರಿಗಿಂತ ದುರ್ಬಲವೆಂದು ನಮ್ಮ ಮತ. ಕಾರಣ ಸ್ಪಷ್ಟ. ಸೇಂಟ್ಸ್‌ಬರಿಯವರು ಬರೆಯುವುದು ಕಳೆದುಹೋದ ಸುಖದ ಸ್ಮರಣೆಯಿಂದ. ಬೆಲೆಗಳನ್ನು ಕೊಡುತ್ತಾರೆ, ಆದರೆ ಅವು ನೆನಪಿನ ಬೆಳಕಿನಲ್ಲಿ ಮಿಂದಿವೆ. ಮೇಲಾಗಿ ಅವರ ಓದುಗನು ಅವರಂತೆಯೇ ಓದಿದವನು, ಅವರಂತೆಯೇ ನೆಲಮಾಳಿಗೆ ಉಳ್ಳವನು. ಒಂದೇ ಒಂದು ಸೀಸೆಯನ್ನು ಅಂಗಡಿಯಿಂದ ತಂದು ರಾತ್ರಿಯ ಊಟದೊಡನೆ ಮುಗಿಸುವವನಿಗೆ ಆ ಗ್ರಂಥದಲ್ಲಿ ಕುರ್ಚಿಯಿಲ್ಲ. ಅಭಿರುಚಿ ಅಲ್ಲಿ ಆಸ್ತಿಯ ಒಂದು ಅಂಗವಾಗಿದೆ.

ಆ ಕುರ್ಚಿಯನ್ನು ಹಾಕಿದವರು ರೇಮಂಡ್ ಪೋಸ್ಟ್‌ಗೇಟ್. 1896ರಲ್ಲಿ ಹುಟ್ಟಿ 1971ರಲ್ಲಿ ತೀರಿಕೊಂಡ ಇವರು ನಮ್ಮ ವೃತ್ತಿಯವರೇ, ಇತಿಹಾಸಕಾರರು. ಒಂದನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಲು ಒಪ್ಪದೆ ಸೆರೆಮನೆ ಕಂಡವರು. ಭಾವನಾದ ಜಿ. ಡಿ. ಎಚ್. ಕೋಲ್ ಅವರೊಡನೆ 1938ರಲ್ಲಿ ಬ್ರಿಟನ್ನಿನ ಸಾಮಾನ್ಯ ಜನರ ಚರಿತ್ರೆಯನ್ನು ಬರೆದವರು. ಇಂಥವರು 1951ರಲ್ಲಿ ಸಾಮಾನ್ಯ ಮನುಷ್ಯನಿಗೆ ದ್ರಾಕ್ಷಾಮದ್ಯದ ಕೈಪಿಡಿಯೊಂದನ್ನೂ, ಅದೇ ವರ್ಷ ಭೋಜನಗೃಹಗಳ ಮಾರ್ಗದರ್ಶಿ ‘ಗುಡ್ ಫುಡ್ ಗೈಡ್’ ಎಂಬುದನ್ನೂ ಪ್ರಕಟಿಸಿದಾಗ, ಸಮಾಜವಾದಿ ಚರಿತ್ರಕಾರನು ಹೊಟ್ಟೆಬಾಕನಾದನೆಂದು ಹಾಸ್ಯಮಾಡುವುದು ಸುಲಭವಾಗಿತ್ತು.

ಆ ಕಾಲದ ಸ್ಥಿತಿಯನ್ನು ನೆನೆದರೆ ಹಾಸ್ಯ ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ಆಹಾರದ ಪಡಿತರ ವ್ಯವಸ್ಥೆ 1940ರ ಜನವರಿಯಲ್ಲಿ ಆರಂಭವಾಗಿ 1954ರ ಜುಲೈವರೆಗೆ ನಡೆಯಿತು. 1942ರ ಆಜ್ಞೆಯೊಂದರಿಂದ ಭೋಜನಗೃಹದ ಒಂದು ಊಟಕ್ಕೆ 5 ಷಿಲ್ಲಿಂಗುಗಳ ಮಿತಿ ಬಂದಿತ್ತು. ಹೀಗೆ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅಡಿಗೆಯವರಿಗೆ ಕೆಟ್ಟ ಅಡಿಗೆಗೆ ಯುದ್ಧವೇ ನೆಪವಾಯಿತು. ಉಣ್ಣುವವರಿಗೆ ದೂರು ಹೇಳುವುದು ದೇಶದ್ರೋಹವೆಂಬಂತೆ ತೋರತೊಡಗಿತು. ಕೊರತೆ ಬೇರೆ, ಅಸಡ್ಡೆ ಬೇರೆ ಎಂಬ ವಿವೇಕವನ್ನು ಮರಳಿ ತರುವುದು ಪೋಸ್ಟ್‌ಗೇಟರ ಹಂಚಿಕೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವಿರುವಂತೆ ಆಹಾರದ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವೊಂದು ಬೇಕೆಂದು ಅವರು ವಿನೋದವಾಗಿ ಬರೆದರು. ವಿನೋದ ಕೆಲಸವಾಗಿ ಬೆಳೆಯಿತು.

ಆ ಕೆಲಸದ ಕ್ರಮವೇ ಇಲ್ಲಿ ಮುಖ್ಯ. ಪೋಸ್ಟ್‌ಗೇಟರ ಕಾಲದಲ್ಲಿ ಮಾರ್ಗದರ್ಶಿಯಲ್ಲಿ ಸೇರುತ್ತಿದ್ದ ಅಭಿಪ್ರಾಯಗಳನ್ನು ಬರೆಯುತ್ತಿದ್ದವರು ಸಂಬಳದ ಪರೀಕ್ಷಕರಲ್ಲ, ದೇಶದ ನಾನಾ ಕಡೆಗಳ ಓದುಗರು. ಪ್ರತಿಯೊಬ್ಬನೂ ತನ್ನ ಊಟದ ಹಣವನ್ನು ತಾನೇ ಕೊಡಬೇಕಾಗಿತ್ತು. ಭೋಜನಗೃಹದ ಆಡಳಿತದೊಡನೆ ತನಗೆ ಯಾವ ಸಂಬಂಧವೂ ಇಲ್ಲವೆಂದು ಬರೆದುಕೊಡಬೇಕಾಗಿತ್ತು. ಮಾರ್ಗದರ್ಶಿಯಲ್ಲಿ ಭೋಜನಗೃಹಗಳ ಜಾಹೀರಾತಿಗೆ ಎಡೆಯಿರಲಿಲ್ಲ. ಫ್ರಾನ್ಸಿನ ಮಿಷೆಲಿನ್ ಮಾರ್ಗದರ್ಶಿ 1900ರಲ್ಲಿ ಹುಟ್ಟಿದ್ದು ಟೈರಿನ ವ್ಯಾಪಾರಕ್ಕೆ ಸಹಾಯವಾಗಿ. ಅದು 1926ರಿಂದ ನಕ್ಷತ್ರಗಳನ್ನು ಕೊಡತೊಡಗಿತು, ಆದರೆ ಕಾರಣಗಳನ್ನು ಹೇಳುವ ವಾಡಿಕೆ ಅದಕ್ಕಿರಲಿಲ್ಲ. ಪೋಸ್ಟ್‌ಗೇಟರ ಮಾರ್ಗದರ್ಶಿ ಕಾರಣ ಹೇಳಿತು, ಬೆಲೆ ಹೇಳಿತು. ಇತಿಹಾಸಕಾರನು ಆಧಾರಗಳನ್ನು ಹೇಗೆ ಪರೀಕ್ಷಿಸುತ್ತಾನೋ ಇದು ಅದೇ ಕ್ರಮ: ಸಾಕ್ಷಿಗಳು ಒಬ್ಬರಿಗಿಂತ ಹೆಚ್ಚು, ಅವರು ನಿಃಸ್ವಾರ್ಥರು, ಅವರ ಮಾತಿಗೆ ದಿನ ಸ್ಥಳಗಳ ಆಧಾರವುಂಟು. ಸಾಮಾನ್ಯ ಜನರ ಚರಿತ್ರೆಯನ್ನು ಬರೆದವರು ಸಾಮಾನ್ಯ ಜನರ ನಾಲಗೆಗೆ ಸಾಕ್ಷಿಯ ಪದವಿ ಕೊಟ್ಟರು. ಇದರಲ್ಲಿ ದಾರಿ ತಪ್ಪಿದ್ದೇನೂ ಇಲ್ಲ, ದಾರಿ ಮುಂದುವರಿದಿದೆ.

ಇಷ್ಟು ಹೇಳಿದ ಮೇಲೆ ನ್ಯೂನತೆಯನ್ನೂ ಹೇಳಬೇಕು. ಪೋಸ್ಟ್‌ಗೇಟರ ಸಾಮಾನ್ಯ ಮನುಷ್ಯನು ನಿಜವಾಗಿ ಎಷ್ಟು ಸಾಮಾನ್ಯ? ಊರಾಚೆಯ ಭೋಜನಗೃಹಕ್ಕೆ ಹೋಗಲು ಸಮಯ, ವಾಹನ, ಹಣ ಇದ್ದವನೇ ಅಲ್ಲಿ ಬರೆಯಬಲ್ಲವನಾಗಿದ್ದನು. ಯುದ್ಧಕಾಲದಲ್ಲಿ ಸ್ಥಳೀಯ ಸಂಸ್ಥೆಗಳು ತೆರೆದ ‘ಬ್ರಿಟಿಷ್ ರೆಸ್ಟೋರೆಂಟು’ಗಳಲ್ಲಿ 9 ಪೆನ್ನಿಗೆ ಉಂಡ ಕೂಲಿಗಾರನ ಅಭಿಪ್ರಾಯವನ್ನು ಈ ಸಂಪುಟಗಳಲ್ಲಿ ಹುಡುಕುವುದು ವ್ಯರ್ಥ. 1937ರಲ್ಲಿ ಆರಂಭವಾದ ‘ಮಾಸ್ ಆಬ್ಸರ್ವೇಷನ್’ ಸಂಸ್ಥೆಯವರು ಬೋಲ್ಟನ್ ಪಟ್ಟಣದ ಪಾನಗೃಹಗಳನ್ನು ಕುರಿತು 1943ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೂಲಿಗಾರನೂ ಅವನ ಬಿಯರೂ ಕಾಣುತ್ತಾರೆ. ಆದರೆ ಅಲ್ಲಿ ಅವನು ವೀಕ್ಷಕನ ಕಣ್ಣಿಗೆ ಬಿದ್ದವನು, ತಾನಾಗಿ ತೀರ್ಪು ಕೊಡುವವನಲ್ಲ. ಒಂದರಲ್ಲಿ ತೀರ್ಪುಗಾರನಿದ್ದಾನೆ, ಬಡವನಿಲ್ಲ. ಇನ್ನೊಂದರಲ್ಲಿ ಬಡವನಿದ್ದಾನೆ, ಅವನ ತೀರ್ಪು ಇನ್ನೊಬ್ಬರ ಲೇಖನಿಯಲ್ಲಿದೆ. ಎರಡನ್ನೂ ಒಟ್ಟಿಗೆ ಓದದೆ ಆ ಕಾಲದ ಊಟದ ಚರಿತ್ರೆ ಪೂರ್ಣವಾಗದು. ಇನ್ನೊಂದು ಮಾತು: ಹಲವರ ವರದಿಗಳು ಸಂಪಾದಕರ ಕೈಯಲ್ಲಿ ಹಾದು ಒಂದೇ ಧ್ವನಿಯಾಗುತ್ತಿದ್ದವು. ಬಿಂಗನ ಪಕ್ಷಪಾತ ನಮಗೆ ಗೊತ್ತು; ಇಲ್ಲಿ ಯಾರ ಪಕ್ಷಪಾತ ಎಲ್ಲಿ ಸೇರಿದೆ ಎಂದು ಬಿಡಿಸುವುದು ಕಷ್ಟ.

ಈ ಪರಾಮರ್ಶೆಯಿಂದ ನಾಲ್ಕು ಪ್ರಶ್ನೆಗಳು ಹೊರಡುತ್ತವೆ. ಊಟದ ಹಣವನ್ನು ಕೊಟ್ಟವರು ಯಾರು? ಸ್ಥಳ, ದಿನ, ಬೆಲೆ ಇವೆಯೆ? ಬರೆದವನ ಸ್ವಭಾವ ನಮಗೆ ಕಾಣುತ್ತದೆಯೆ? ಅವನು ಬರೆದದ್ದು ಯಾರಿಗಾಗಿ? ಇವುಗಳಿಗೆ ಉತ್ತರ ದೊರೆತರೆ ಅತ್ಯಂತ ವೈಯಕ್ತಿಕವಾದ ಅಭಿಪ್ರಾಯವೂ ಚರಿತ್ರೆಗೆ ಉಪಯೋಗವಾಗುತ್ತದೆ. ದೊರೆಯದಿದ್ದರೆ ಘನವಾದ ಗ್ರಂಥವೂ ಬರಿಯ ಮಾತಾಗಿ ಉಳಿಯುತ್ತದೆ.

ಕರ್ನಾಟಕದ ಇತಿಹಾಸವನ್ನು ಅಭ್ಯಸಿಸುವವರಿಗೆ ಇದು ದೂರದ ವಿಷಯವೆಂದು ತೋರಬಾರದು. 16ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳನ್ನು ರಾಬರ್ಟ್ ಸ್ಯೂವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ನಾವು ಅವನ್ನು ಪ್ರತಿದಿನವೂ ಬಳಸುತ್ತಿದ್ದೇವೆ. ರಾಜರು ಗೋಮಾಂಸವನ್ನುಳಿದು ಬಹುವಿಧ ಮಾಂಸಗಳನ್ನು ತಿನ್ನುತ್ತಿದ್ದರೆಂದೂ, ಇಲಿ, ಬೆಕ್ಕು, ಹಲ್ಲಿಗಳೂ ನಗರದ ಪೇಟೆಯಲ್ಲಿ ಮಾರಾಟವಾಗುತ್ತಿದ್ದುವೆಂದೂ ನೂನಿಜ್ ಬರೆಯುತ್ತಾನೆ. ಇದನ್ನು ಪರದೇಶಿಯ ಅಪಪ್ರಚಾರವೆಂದು ಬದಿಗೊತ್ತುವ ಮನಸ್ಸಾಗುವುದು ಸಹಜ. ಆದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಹೊಲದ ಇಲಿಗಳನ್ನು ಬೇಯಿಸುವ ವಿಧಾನವಿದೆ. ನಡುವೆ 400 ವರ್ಷಗಳ ಅಂತರವಿರುವುದರಿಂದ ಒಂದು ಇನ್ನೊಂದನ್ನು ಸಿದ್ಧಮಾಡದು. ಆದರೂ ನೂನಿಜನ ಮಾತನ್ನು ವಿಚಾರಿಸದೆ ತಳ್ಳಿಹಾಕುವ ಅಧಿಕಾರವನ್ನು ಅದು ನಮ್ಮಿಂದ ಕಸಿದುಕೊಳ್ಳುತ್ತದೆ. ಅವನು ಕಂಡು ಬರೆದನೊ ಕೇಳಿ ಬರೆದನೊ, ಯಾವ ಓದುಗನನ್ನು ಮನಸ್ಸಿನಲ್ಲಿಟ್ಟು ಬರೆದನೊ ಎಂದು ಕೇಳಬೇಕು. ಕೇಳಿದ ಮೇಲೆ ತೀರ್ಪು.

ಸೋಮೇಶ್ವರನ ಗ್ರಂಥ ರಾಜನ ಭೋಜನ ಹೇಗಿರತಕ್ಕದ್ದು ಎಂದು ವಿಧಿಸುತ್ತದೆ. ಆ ದಿನ ಬಡಿಸಿದ್ದು ಹೇಗಿತ್ತು ಎಂದು ಹೇಳುವುದಿಲ್ಲ. ವಿಧಿಯನ್ನು ಬರೆದವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಉಂಡು, ಹಣ ಕೊಟ್ಟು, ಚೆನ್ನಾಗಿರಲಿಲ್ಲವೆಂದು ಬರೆದಿಟ್ಟವರು ವಿರಳ. ಅಂಥ ಬರಹಗಳು ಹಳೆಯ ಮನೆಗಳ ಲೆಕ್ಕದ ಪುಸ್ತಕಗಳಲ್ಲಿ, ಯಾತ್ರೆಯ ಟಿಪ್ಪಣಿಗಳಲ್ಲಿ, ಬಂಧುಗಳಿಗೆ ಬರೆದ ಕಾಗದಗಳಲ್ಲಿ ಅಡಗಿರುತ್ತವೆ. ಅಲ್ಪವಿಷಯವೆಂದು ಮೊದಲು ಒಲೆಗೆ ಹೋಗುವುವೂ ಅವೇ. ಒಮ್ಮೆ ಹೋದರೆ ಯಾವ ಶಾಸನವೂ ಅವುಗಳ ಸ್ಥಾನವನ್ನು ತುಂಬಲಾರದು. ಇವುಗಳ ಸಂಗ್ರಹವೂ ಸಂಶೋಧನೆಯ ಕರ್ತವ್ಯಗಳಲ್ಲೊಂದು ಎಂದು ಅಭ್ಯಾಸಿಗಳು ಭಾವಿಸಬೇಕೆಂಬುದೇ ನಮ್ಮ ವಿಜ್ಞಾಪನೆ.