ಉಷ್ಣವಲಯದ ನೆತ್ತಿಯಲ್ಲಿ ಇಂಗ್ಲೆಂಡು: ನೀಲಗಿರಿಯ ವಸಾಹತು ಚಿತ್ರಣ

ವಸಾಹತುಕಾಲದ ಕಲೆ, ಸಾಹಿತ್ಯಗಳಲ್ಲಿ ಉಷ್ಣವಲಯದ ನಿಸರ್ಗ ಒಮ್ಮೆ ಅತಿಸಮೃದ್ಧಿಯಾಗಿ, ಒಮ್ಮೆ ರೋಗದ ನೆಲೆಯಾಗಿ ಮೂಡಿದ ಬಗೆಯನ್ನು ಡೇವಿಡ್ ಆರ್ನಲ್ಡ್ ವಿವೇಚಿಸಿದ್ದಾರೆ. ನೀಲಗಿರಿಯ ಮಟ್ಟಿಗೆ ಆ ಚೌಕಟ್ಟು ಸಾಲದು. ಈ ಬೆಟ್ಟಸೀಮೆಯನ್ನು ಆಂಗ್ಲ ಬರಹಗಾರರು ಬಹುಮಟ್ಟಿಗೆ ಉಷ್ಣವಲಯವೆಂದು ಬಣ್ಣಿಸಲೇ ಇಲ್ಲ. ಅದರಿಂದ ಪಾರಾಗುವ ತಾಣವೆಂದು ಬಣ್ಣಿಸಿದರು. ತಪ್ಪಲಿನ ಕಾಡು ಜ್ವರದ ಬೀಡು; ಮೇಲಿನ ಹುಲ್ಲುಗಾವಲು ತವರುನಾಡಿನ ತುಣುಕು. ರಿಚರ್ಡ್ ಬರ್ಟನ್ನನ ‘ಗೋವಾ ಅಂಡ್ ದ ಬ್ಲೂ ಮೌಂಟನ್ಸ್’ (1851) ಕೃತಿಯ ಉಪಶೀರ್ಷಿಕೆ ಆರು ತಿಂಗಳ ಅನಾರೋಗ್ಯ ರಜೆಯನ್ನು ಹೆಸರಿಸುತ್ತದೆ. ಉದಕಮಂಡಲದ ಆಂಗ್ಲ ಸಮಾಜವನ್ನು ಅವನು ಧಾರಾಳವಾಗಿ ಗೇಲಿ ಮಾಡುತ್ತಾನೆ, ನಿಜ. ಆದರೆ ಬೆಟ್ಟವನ್ನು ರೋಗಿಯ ದೇಹದಿಂದಲೇ ಅಳೆಯುವ ಕ್ರಮ ಆ ಗೇಲಿಗೆ ಸಿಕ್ಕುವುದಿಲ್ಲ.

ಹುಲ್ಲುಗಾವಲಿಗೆ ದಕ್ಷಿಣ ಇಂಗ್ಲೆಂಡಿನ ‘ಡೌನ್ಸ್’ ಎಂಬ ಹೆಸರು ಅಂಟಿತು. ಎಮ್ಮೆ ಮೇಯಿಸುವ ತೋಡರು ಆ ದೃಶ್ಯಕ್ಕೆ ಒಪ್ಪಿದರು. ಪುರಾತನ ಪಶುಪಾಲಕರೆಂಬ ರಮ್ಯಕಲ್ಪನೆಗೆ ಅವರು ಒದಗಿಬಂದರು. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರು ಅಂಚಿಗೆ ಸರಿದರು. ಉಳುವವನು ಎದುರಿಗಿದ್ದರೆ ನೆಲ ಖಾಲಿಯೆನ್ನಲಾಗದು. (ಬಾಸೆಲ್ ಮಿಷನ್ನಿನವರ ಬರಹಗಳಲ್ಲಿ ಬಡಗರಿಗೆ ಎಡೆಯಿದೆ, ಅವರ ಉದ್ದೇಶ ಬೇರೆ.)

ರಾಬರ್ಟ್ ವೈಟ್‌ನ ‘ಸ್ಪಿಸಿಲೇಜಿಯಂ ನೀಲಗಿರೆನ್ಸ್’ (1846–51) ಇದಕ್ಕೆ ಕುತೂಹಲಕರ ಅಪವಾದ. ಬಿಳಿ ಹಾಳೆಯ ಮೇಲೆ ಒಂಟಿ ಗಿಡ, ಬಿಡಿಸಿಟ್ಟ ಹೂವಿನ ಭಾಗಗಳು. ಅದು ಬೆಳೆದ ಇಳಿಜಾರು ಕಾಣದು, ಅದನ್ನು ಬಳಸಿದ ಕೈಯೂ ಕಾಣದು. ಈ ಕತ್ತರಿಸುವಿಕೆಯನ್ನು ವಸಾಹತು ವಿಜ್ಞಾನದ ಹಿಂಸೆಯೆಂದು ಓದುವುದು ವಾಡಿಕೆ. ಆ ಓದು ತಪ್ಪಲ್ಲ, ಅವಸರದ್ದು. ಈ ಫಲಕಗಳಲ್ಲಿ ನೀಲಗಿರಿಯ ಗಿಡ ನೀಲಗಿರಿಯ ಗಿಡವಾಗಿಯೇ ಉಳಿಯುತ್ತದೆ. ಇಂಗ್ಲೆಂಡನ್ನು ನೆನಪಿಸುವ ಹೊರೆ ಅದಕ್ಕಿಲ್ಲ. ವೈಟ್‌ನಿಗಾಗಿ ಚಿತ್ರ ಬರೆದವರು ರುಂಗಯ್ಯ, ಗೋವಿಂದು ಎಂಬ ಭಾರತೀಯ ಕಲಾವಿದರು. ಒಂದು ಆರ್ಕಿಡ್ ಕುಲಕ್ಕೆ ವೈಟ್ ‘ಗೋವಿಂದೂಯಿಯ’ ಎಂದು ಹೆಸರಿಟ್ಟ. ಇಂದಿನ ವರ್ಗೀಕರಣದಲ್ಲಿ ಅದು ಟ್ರೊಪಿಡಿಯ ಕುಲದೊಳಗೆ ಕರಗಿದೆ.

ಭೂದೃಶ್ಯದ ಕಲ್ಪನೆ ಮಾತ್ರ ಪುಸ್ತಕದಲ್ಲಿ ನಿಲ್ಲಲಿಲ್ಲ. ಹುಲ್ಲುಗಾವಲನ್ನು ಬರಿದು ನೆಲವೆಂದು ಎಣಿಸಿದ ಮೇಲೆ ಆಸ್ಟ್ರೇಲಿಯದ ವ್ಯಾಟಲ್, ನೀಲಗಿರಿ ಮರಗಳು ಅಲ್ಲಿಗೆ ಬಂದವು. ‘ನೀಲಗಿರಿ ಮರ’ ಎಂಬ ಕನ್ನಡದ ಹೆಸರಿನಲ್ಲೇ ಹೊರಗಿನ ಮರವೊಂದು ಬೆಟ್ಟದ ಹೆಸರನ್ನು ಹೊತ್ತುಕೊಂಡಿದೆ. ಉದಕಮಂಡಲದ ಪಶ್ಚಿಮಕ್ಕಿರುವ ಹುಲ್ಲುಗಾವಲಿನ ಬಹುಭಾಗ ಈಗ ನೆಡುತೋಪು. ಮದರಾಸಿನ ಗವರ್ನರನೊಬ್ಬನ ಹೆಸರು ಹೊತ್ತ ಆ ಸೀಮೆಯನ್ನು ಇಂದಿಗೂ ವೆನ್ಲಾಕ್ ಡೌನ್ಸ್ ಎಂದೇ ಕರೆಯುತ್ತಾರೆ.